ಬಾಗಿಲ ಮರೆಯಿಂದ ಬಂದ ಎರಡನೇ ಲಾರಿ

ಸಹನಾ, ಪಂಪೇಶ, ನಿಮ್ಮ ಅಜ್ಜಿ ಪರಗಂಡಸರ ಜೊತೆ ಧೈರ್ಯವಾಗಿ ಮಾತಾಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಬಾಗಿಲ ಮರೆಯಲ್ಲಿ ನಿಂತು. ಗಾದಿಗನೂರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು; ಓದು ಬಂತು, ಬಾಯಿ ಬರಲಿಲ್ಲ. ಬಸ್ಸಿನಲ್ಲಿ "ಹೋಲ್ಡಾನ್" ಎನ್ನಲು ನಾಚಿಕೆಯಾಗಿ ತವರೂರನ್ನೇ ದಾಟಿ ಹೋಗಿ, ಮುಂದೆ ಯಾರೋ ಇಳಿದಾಗ ಅವರ ಹಿಂದೆ ಇಳಿದು, ಬಿಸಿಲಲ್ಲಿ ವಾಪಸು ನಡೆದು ಬಂದದ್ದೂ ಉಂಟು. ಮೊನ್ನೆ ಸಹನಾ, ನೀನು ಕಾಮರ್ಸ್ ಪುಸ್ತಕ ಹಿಡಿದು, "ಅಜ್ಜಿ, ಲಾಭ ಇದ್ರೂ ಕಂಪನಿ ಕೈಯಾಗ ರೊಕ್ಕ ಇಲ್ಲದಂಗ ಆಗಬೌದಂತ, ಗೊತ್ತೇನು?" ಎಂದೆ. ನಾನು ನಕ್ಕುಬಿಟ್ಟೆ. ಆ ಪಾಠವನ್ನು ನನಗೆ ಒಂದು ಟಿಪ್ಪರ್ ಲಾರಿ ಎಂದೋ ಕಲಿಸಿತ್ತು.

ನಿಮ್ಮ ತಾತ ಮೊದಲು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಸಂಜೆ ಬಸ್ಸಿಗೆ ಹೊಸಪೇಟೆಗೆ ಬಂದು, ಕೈಕಾಲು ತೊಳೆದು, ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ನಾನು ರೊಟ್ಟಿ ತಟ್ಟುವುದು, ಅವರು ಗಿರಣಿ ಮಾಲೀಕರು ಸೀನುವ ಬಗೆಯನ್ನು ಸೀನಿ ತೋರಿಸುವುದು. ನನ್ನ ಬಾಯಿ ಬಿಚ್ಚುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಆಮೇಲೆ ಸಂಡೂರು ಗುಡ್ಡದ ಅದಿರಿಗೆ ಬೆಲೆ ಬಂತು. ಹಾಲು ಹಾಕುವವರೂ ಲಾರಿ ಕೊಂಡರು. ತಾತ ಗಿರಣಿ ಬಿಟ್ಟು, ನನ್ನ ಬಳೆ ಅಡವಿಟ್ಟು ಮುಂಗಡ ಕಟ್ಟಿ, ಉಳಿದದ್ದಕ್ಕೆ ಫೈನಾನ್ಸ್ ಸಾಲ ಮಾಡಿ ಒಂದು ಟಿಪ್ಪರ್ ತಂದರು. ಲೆಕ್ಕದಲ್ಲಿ ಲಾಭ ಧಾರಾಳವಾಗಿತ್ತು. ಆದರೆ ಡೀಸೆಲ್ಲಿಗೆ ಇವತ್ತೇ ಕೊಡಬೇಕು, ಸಾಲದ ಕಂತು ತಿಂಗಳಿಗೆ ತಪ್ಪುವಂತಿಲ್ಲ, ಬಾಡಿಗೆ ಮಾತ್ರ ಕಂಟ್ರಾಕ್ಟರು ಮನಸ್ಸು ಮಾಡಿದಾಗ. ಆ ಬಾಕಿ ವಸೂಲಿಗೆ ತಾತ ಸದಾ ದೋಣಿಮಲೈ ಗಣಿಯ ದಾರಿಯಲ್ಲೇ. ಮನೆಗೆ ಬಂದರೆ ಕೆಂಪು ಧೂಳಿನ ಅಂಗಿ, ಅದರೊಳಗೆ ಆಗಲೇ ನಿದ್ದೆ ಹೋದ ಮನುಷ್ಯ. ಲಾಭವೂ ಗಂಡನೂ ಇದ್ದರು, ಕೈಗೆ ಸಿಗುತ್ತಿರಲಿಲ್ಲ.

ಒಂದು ದಿನ ಅವರು, "ಶಾಂತಾ, ಒಂದು ಲಾರಿ ಅಂದ್ರ ಒಂಟಿ ಎತ್ತು ಇದ್ದಂಗ ಲೇ. ಇನ್ನೊಂದು ತರೋಣು" ಎಂದರು.

"ಎತ್ತು ಎರಡಾದ್ರ ಹೊಡಿಯಾಂವ ಮನಿಗೆ ಬರ್ತಾನೇನ್ರಿ?"

ಅವರು ನಕ್ಕು ಎದ್ದುಹೋದರು. ಬೇಡ ಎಂದು ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ.

ಸಾಲ ಕೊಡಬಹುದೇ ಎಂದು ನೋಡಲು ಟೈ ಕಟ್ಟಿದ ಫೈನಾನ್ಸಿನ ಹುಡುಗ ಬಂದಾಗ ತಾತ ಮನೆಯಲ್ಲಿರಲಿಲ್ಲ. "ನೀವ ಹೇಳ್ರಿ ಅಮ್ಮಾರ, ವ್ಯವಹಾರ ಹೆಂಗೈತಿ?" ಎಂದ. ನಾನು ಅಡುಗೆಮನೆ ಬಾಗಿಲ ಹಿಂದೆ ಬೆವರುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಲ ಸಿಗುವುದಿಲ್ಲ, ನಿಮ್ಮ ತಾತ ಒಲೆಯ ಪಕ್ಕಕ್ಕೆ ಮರಳುತ್ತಾರೆ ಅನ್ನಿಸಿತು. ಸೆರಗು ಬಿಗಿಯಾಗಿ ಹಿಡಿದುಕೊಂಡೆ.

"ಲಾಭ ಐತ್ರಿ, ರೊಕ್ಕ ಇಲ್ಲ. ಬಾಡಿಗಿ ಯಾವಾಗ ಬರ್ತೈತೋ ದೇವ್ರಿಗೇ ಗೊತ್ತು. ಗುಡ್ಡ ಹತ್ತಿಳಿದು ಟೈರು ಸವೀತಾವ, ಅದನ್ನ ಯಾರೂ ಖರ್ಚಿನಾಗ ಹಿಡಿಯಂಗಿಲ್ಲ. ಕಂತಿಗೆ ಪಕ್ಕದ ಮನ್ಯಾಗ ಕೈಗಡ ತರ್ತೀವಿ. ನಾಳೆ ಗುಡ್ಡದ ಕೆಲಸ ನಿಂತ್ರ ಎರಡೂ ಲಾರಿ ನೋಡ್ಕೊಂತ ಕುಂದ್ರಬೇಕು. ಸಾಲ ಕೊಡಬ್ಯಾಡ್ರಿ."

ಹುಡುಗ ಅದನ್ನೆಲ್ಲ ಬರೆದುಕೊಂಡ. ಆಮೇಲೆ ಅವನು ಹೇಳಿದ: "ಊರೆಲ್ಲಾ ಅಡ್ಡಾಡೀನ್ರಿ ಅಮ್ಮಾರ. ಎಲ್ಲಾರೂ ಬಂಗಾರದ ಮಳಿ ಸುರೀತೈತಿ ಅಂತಾರ. ಖರ್ಚು ಹೇಳಿದವ್ರು ನೀವ ಮೊದಲು. ಇಂಥ ಹೆಣ್ಣುಮಗಳಿರೋ ಮನಿಗೆ ಕೊಡದ ಇನ್ಯಾರಿಗೆ ಕೊಡ್ಲಿ?"

ಸಾಲ ಬೇಗನೆ ಮಂಜೂರಾಯಿತು. ತಾತ ಪೇಢೆ ತಂದರು. "ಅವ ನಿನ್ನ ಭಾಳ ಹೊಗಳಿದ ಲೇ. ನಿನಗ ಲಾರಿ ಮ್ಯಾಲೆ ಇಷ್ಟು ಆಸೆ ಇತ್ತಂತ ನನಗ ಗೊತ್ತೇ ಇರಲಿಲ್ಲ ನೋಡು" ಎಂದರು. ಆಗಲಾದರೂ ಹೇಳಬಹುದಿತ್ತು. ಬಾಯಲ್ಲಿ ಪೇಢೆ ಇತ್ತು.

ಹೊಸ ಲಾರಿಯ ಹಿಂದೆ ಅವರು ಪ್ರೀತಿಯಿಂದ ನನ್ನ ಹೆಸರು ಬರೆಸಿದರು. ಅಲ್ಲಿಂದ ಮುಂದೆ ಸಂಡೂರಿಗೂ ದೋಣಿಮಲೈಗೂ ಅವರ ಜೊತೆ ನನ್ನ ಹೆಸರು ತಿರುಗಿತು, ನಾನು ಹೊಸಪೇಟೆಯಲ್ಲಿ ರೊಟ್ಟಿ ತಟ್ಟಿದೆ. ಈಗ ಲಾರಿಗಳೂ ಇಲ್ಲ, ಅವರೂ ಇಲ್ಲ. ಸಂಜೆ ಕಂಪ್ಲಿ ಬಸ್ಸು ಬರುವ ಹೊತ್ತಿಗೆ ಈಗಲೂ ನನ್ನ ಕೈ ಹಿಟ್ಟಿನಲ್ಲಿ ಸುಮ್ಮನೆ ನಿಲ್ಲುತ್ತದೆ. ಗುರುತಿಲ್ಲದ ಹುಡುಗನಿಗೆ ಟೈರಿನವರೆಗೂ ವಿವರಿಸಿದವಳು, ಕಟ್ಟಿಕೊಂಡ ಗಂಡನಿಗೆ "ಸಂಜೀಗೆ ಮನಿಗೆ ಬರ್ರಿ, ನೀವಿಲ್ಲಂದ್ರ ಬ್ಯಾಸರ" ಎಂದು ಒಂದು ಮಾತು ಹೇಳಲಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಎದುರಿಗೆ ಕೂತು ಕೇಳಿದರೆ ಇದನ್ನೆಲ್ಲ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ.