ಬಿಸಿಗಾಳಿಗೊಂದು ಬಾಗಿಲು

ಬೆಳಗ್ಗೆ ಒಂಬತ್ತಕ್ಕೆ ಅಳಿಯಂದಿರ ಹಳದಿ ಕಾರು ವರ್ಕ್‌ಶಾಪಿನ ಗೇಟಿನೊಳಗೆ ಬಂದದ್ದು ಬಾನೆಟ್ಟಿನ ಸಂದಿಯಿಂದೆಲ್ಲ ಆವಿ ಕಾರುತ್ತ. ಒಲೆಯ ಮೇಲೆ ಮರೆತ ಪಾತ್ರೆಯ ಮುಚ್ಚಳದಂತೆ ಬಾನೆಟ್ಟು ತಟತಟ ಕುಣಿಯುವುದೊಂದು ಬಾಕಿ ಇತ್ತು. ಮನೆಯಿಂದ ವರ್ಕ್‌ಶಾಪಿಗೆ ಇರುವುದೇ ಮೂರು ಮೈಲಿ. ಅಷ್ಟರಲ್ಲಿ ಎರಡು ಸಲ ನಿಲ್ಲಿಸಿ, ಯಾರದೋ ಕಾಂಪೌಂಡಿನ ನಲ್ಲಿಯಿಂದ ನೀರು ಬೇಡಿ ಹೊಯ್ದುಕೊಂಡು ಬಂದಿದ್ದರು.

ಅಳಿಯಂದಿರು ಅಂದರೆ ದೊಡ್ಡ ಯಜಮಾನರ ಮಗಳ ಗಂಡ. ಯಜಮಾನರು ಸೊಂಟ ಹಿಡಿದುಕೊಂಡು ಹಾಸಿಗೆ ಸೇರಿದ ಮೇಲೆ ವರ್ಕ್‌ಶಾಪು ಇವರ ಕೈಗೆ ಬಂದಿತ್ತು. ಕಂಪನಿಯವರು ಮಾಡಿಕೊಟ್ಟ ಸ್ಪೋರ್ಟ್ಸ್ ಕಾರಿನ ಓಟ ಸಾಲದೆಂದು ಇವರು ಅದಕ್ಕೊಂದು ಟರ್ಬೊ ಕೂಡಿಸಿದ್ದರು. ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ಉಣಿಸುತ್ತದೆ, ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ, ಕಿಟಕಿಯಷ್ಟು ಅಗಲದ ಕೂಲರೊಂದನ್ನು ನಿಲ್ಲಿಸಿದ್ದರು. ಟರ್ಬೊದ ಗಾಳಿ ತಣ್ಣಗಾಯಿತು, ನಿಜ. ಆದರೆ ಪಾಪದ ರೇಡಿಯೇಟರಿಗೆ ಇಷ್ಟು ವರ್ಷ ಎದುರಿನಿಂದ ಸಿಗುತ್ತಿದ್ದ ತಾಜಾ ಗಾಳಿ ತಪ್ಪಿ, ಕೂಲರಿನ ಎಂಜಲು ಗಾಳಿ ಗತಿಯಾಯಿತು. ಆ ಬಿಸಿಯೆಲ್ಲ ಬಾನೆಟ್ಟಿನ ಕೆಳಗೆ ಸೇರಿ, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸಂಸಾರ ಹೂಡಿತು.

“ತಗಡಣ್ಣ ಎಲ್ಲಿ?” ಎಂದು ಅಳಿಯಂದಿರು ಕೂಗಿದರು.

ತಗಡಣ್ಣ ತನ್ನ ಶೆಡ್ಡಿನಲ್ಲಿ ಕೆಲಸವಿಲ್ಲದೆ ಸುತ್ತಿಗೆಗೆ ಎಣ್ಣೆ ಒರೆಸುತ್ತಿದ್ದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ. ಮೂವತ್ತನಾಲ್ಕು ವರ್ಷ ಅದೇ ಶೆಡ್ಡಿನಲ್ಲಿ ತಗಡು ಬಡಿದೂ ಬಡಿದೂ ಎಡಗಿವಿ ಅರ್ಧ ಹೋಗಿತ್ತು. ಮೊದಲೆಲ್ಲ ನೆಗ್ಗಿದ ಬಾಗಿಲು ಬಂದರೆ, ಒಳಗಿನಿಂದ ತಟ್ಟಿ ತಟ್ಟಿ ಹುಟ್ಟಿದಾಗ ಹೇಗಿತ್ತೋ ಹಾಗೆ ಮಾಡಿ ಕಳಿಸುತ್ತಿದ್ದ. ಈಗ ನೆಗ್ಗಿದ ಬಾಗಿಲನ್ನು ಗುಜರಿಗೆ ಎಸೆಯುತ್ತಾರೆ, ಹೊಸ ಬಾಗಿಲು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ತಿಂಗಳಿಗೆ ಮೂರು ಕೆಲಸ ಬಂದರೆ ಹೆಚ್ಚು. ಶೆಡ್ಡು ಮುಚ್ಚುತ್ತಾರಂತೆ ಎಂಬ ಸುದ್ದಿ ಅವನ ಮನೆಯನ್ನೂ ಮುಟ್ಟಿತ್ತು. “ನೀವು ದಿನಾ ಮನೇಲಿ ಕೂತ್ರೆ ನಂಗಾಗಲ್ಲಪ್ಪ. ನನ್ನ ಪಾತ್ರೆ ಪಗಡೆ ಎಲ್ಲಾ ಬಡಿದು ಸರಿಮಾಡ್ತೀನಿ ಅಂತೀರ” ಎಂದು ಹೆಂಡತಿ ಮುಂಚಿತವಾಗಿಯೇ ಎಚ್ಚರಿಕೆ ಕೊಟ್ಟಿದ್ದಳು.

“ನೋಡಿ ತಗಡಣ್ಣ,” ಎಂದರು ಅಳಿಯಂದಿರು. “ಸಂಜೆ ನಾಲ್ಕಕ್ಕೆ ಕ್ಲಬ್ಬಿನವರು ಬರ್ತಾರೆ. ನಲವತ್ತು ಜನರ ಹತ್ರ ಇದೇ ಕಾರು, ಇದೇ ಕೂಲರ್, ಇದೇ ಗೋಳು. ಅವರ ಕಣ್ಣೆದುರಿಗೆ ಈ ಕಾರು ವರ್ಕ್‌ಶಾಪಿನ ಸುತ್ತ ಹತ್ತು ರೌಂಡು ಕುದೀದೆ ಓಡಿದ್ರೆ, ನಲವತ್ತು ಬಾನೆಟ್ಟಿನ ಕೆಲಸವೂ ಈ ಶೆಡ್ಡಿಗೇ ಬರುತ್ತೆ. ಓಡದಿದ್ರೆ ಒಂದನೇ ತಾರೀಕಿಂದ ಶೆಡ್ಡಿಗೆ ಬೀಗ. ಆಮೇಲೆ ನನ್ನನ್ನ ಬೈಕೋಬೇಡಿ.”

ನಲವತ್ತು ಬಾನೆಟ್ಟು! ತಿಂಗಳಿಗೆ ಮೂರು ಕೆಲಸದ ಲೆಕ್ಕದಲ್ಲಿ ಒಂದು ವರ್ಷದ ಮೇಲಾಯಿತು. ತಗಡಣ್ಣನ ಕೈ ತಾನಾಗಿಯೇ ಕತ್ತರಿಯ ಕಡೆ ಹೋಯಿತು.

ಅಳಿಯಂದಿರು ಸೀಮೆಸುಣ್ಣ ಹಿಡಿದು ಬಾನೆಟ್ಟಿನ ಮೇಲೆ, ಮುಂದಿನ ಗಾಜಿನ ಬುಡಕ್ಕೆ ಅಂಟಿದ ಹಾಗೆ, ಎರಡು ಉದ್ದನೆಯ ಗೆರೆ ಎಳೆದರು. “ಇಲ್ಲಿ ಕತ್ತರಿಸಿ. ಪುಸ್ತಕದಲ್ಲಿ ಚಿತ್ರ ನೋಡಿದೀನಿ, ಭಾರಿ ಚೆಂದ ಕಾಣುತ್ತೆ.”

“ಸಾರ್, ಅಲ್ಲಿ ಬೇಡ ಅನ್ಸುತ್ತೆ. ಗಾಜಿನ ಬುಡದಲ್ಲಿ ಗಾಳಿ ಬಂದು ಗುದ್ದುತ್ತೆ. ಗುದ್ದೋ ಕಡೆ ಬಾಗಿಲು ತೆಗೆದ್ರೆ ಒಳಗಿರೋದು ಹೊರಗೆ ಬರಲ್ಲ, ಹೊರಗಿರೋದು...”

“ನೀವು ತಗಡು ನೋಡ್ಕೊಳ್ಳಿ. ಗಾಳಿ ನಾನು ನೋಡ್ಕೋತೀನಿ.”

ತಗಡಣ್ಣ ಗೆರೆ ಎಳೆದಲ್ಲೇ ಕತ್ತರಿಸಿದ. ಅಂಚು ಮಡಚಿ, ಅರದಿಂದ ಉಜ್ಜಿ, ಬೆರಳಾಡಿಸಿದರೆ ರೇಷ್ಮೆಯಂತಿರಬೇಕು, ಹಾಗೆ ಮಾಡಿದ. ಅಳಿಯಂದಿರು ಒಂದು ಸುತ್ತು ಹೊಡೆದು ಬಂದರು. ಕಾರು ಬೆಳಗಿಗಿಂತಲೂ ಬೇಗ ಕುದಿಯಿತು. ಹೊರಗಿನ ಗಾಳಿಯೂ ತೂತಿನಿಂದ ಒಳಗೆ ನುಗ್ಗಿ, ಮೊದಲೇ ಒಳಗಿದ್ದ ಬಿಸಿಯನ್ನು ಇನ್ನಷ್ಟು ಒತ್ತಿ ಕೂರಿಸಿತ್ತು. ಸಾಲದ್ದಕ್ಕೆ, ಬಾನೆಟ್ಟಿನಡಿಯ ಸೆಕೆಯೆಲ್ಲ ಸೀಟಿನ ಕಡೆಗೆ ಹೊರಳಿತ್ತು. ಅಳಿಯಂದಿರು ಇಳಿದಾಗ ಬಚ್ಚಲುಮನೆಯಿಂದ ಎದ್ದು ಬಂದವರ ಹಾಗಿದ್ದರು.

“ಏನ್ರೀ ಕತ್ತರಿಸಿದ್ದು ನೀವು?”

“ನೀವು ಗೆರೆ ಎಳೆದಲ್ಲೇ ಸಾರ್.”

“ಗೆರೆ ಸರಿಯಾಗೇ ಇತ್ತು!”

ಇಷ್ಟಾಗುವ ಹೊತ್ತಿಗೆ ಕೈಯಲ್ಲಿ ಕೆಲಸವಿದ್ದವರೂ ಇಲ್ಲದವರೂ ಕಾರಿನ ಸುತ್ತ ನೆರೆದಿದ್ದರು. ಪೇಂಟರು ಗಲ್ಲ ಕೆರೆದುಕೊಂಡ. “ನಾನು ಮೊದಲೇ ಹೇಳಿದ್ದೆ, ಹಳದಿ ಬಣ್ಣ ಬಿಸಿಲು ಕುಡಿಯುತ್ತೆ. ಬಿಳಿ ಹೊಡೆದುಬಿಡೋಣ.”

“ನಿನಗೆ ಎಲ್ಲಾ ರೋಗಕ್ಕೂ ಬಣ್ಣವೇ ಔಷಧಿ,” ಎಂದ ವೈರ್‌ಮನ್. “ಎರಡು ಫ್ಯಾನು ಕೂರಿಸ್ತೀನಿ ಸಾರ್, ಅರ್ಧ ಗಂಟೆ ಕೊಡಿ.”

ಅರ್ಧ ಗಂಟೆಯಲ್ಲಿ ಕೂರಿಸಿಯೂ ಕೂರಿಸಿದ. ಆದರೆ ತಂತಿ ಅದಲುಬದಲಾಗಿ ಫ್ಯಾನುಗಳು ಗಾಳಿಯನ್ನು ಒಳಕ್ಕೆ ಎಳೆಯುವ ಬದಲು ಎದುರಿಗೆ ಊದತೊಡಗಿದವು. ಮುಂದಿನಿಂದ ಬರುವ ಗಾಳಿ, ಒಳಗಿಂದ ಊದುವ ಗಾಳಿ, ಎರಡೂ ಬಂಪರಿನ ಬಾಯಲ್ಲಿ ಜಡೆ ಹಿಡಿದುಕೊಂಡ ಸವತಿಯರ ಹಾಗೆ ನಿಂತುಬಿಟ್ಟವು. ಗೇಟಿನವರೆಗೂ ಹೋಗದೆ ಕಾರು ಕುದಿಯಿತು, ಫ್ಯೂಸೂ ಸುಟ್ಟಿತು.

“ತಗಡಣ್ಣ ತೂತು ಮಾಡಿದ ಮೇಲೇ ಇದಕ್ಕೆ ಶನಿ ಹಿಡಿದದ್ದು ಬಿಡಿ,” ಎಂದು ವೈರ್‌ಮನ್ ಫ್ಯೂಸಿನ ಚೂರು ಜೇಬಿಗೆ ಹಾಕಿಕೊಂಡ. ಪೇಂಟರು ಹೌದೆಂದು ತಲೆಯಾಡಿಸಿದ. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಆ ವರ್ಷದಲ್ಲಿ ಅದೇ ಮೊದಲು.

ಗಂಟೆ ಒಂದಾಗುತ್ತ ಬಂದಿತ್ತು. ತಗಡಣ್ಣ ಮುಂದೆ ಬಂದ. “ಸಾರ್, ನಂಗೆ ಒಂದೇ ಒಂದು ಸಲ ಬಿಟ್ಟು ನೋಡಿ. ನಾನು ಸಣ್ಣವನಿದ್ದಾಗ ನನ್ನ ಗುರು ಬೇಕರಿಗಳಿಗೆ ಹೊಗೆಕೊಳವೆ ಮಾಡ್ತಿದ್ರು. ಗೋಡೆ ಕೊರೆಯೋ ಮುಂಚೆ ಅಲ್ಲಲ್ಲಿ ನೂಲು ಇಳಿಬಿಟ್ಟು ನೋಡೋರು. ನೂಲು ಯಾವ ಕಡೆ ವಾಲುತ್ತೋ ಗಾಳಿಗೆ ಆ ಕಡೆ ಮನಸ್ಸು. ಇದಕ್ಕೂ ಹಾಗೇ ಕೇಳೋಣ.”

“ಗಾಳೀನ ಕೇಳ್ತೀರ?”

“ನಾವು ನಾವೇ ಕೇಳ್ಕೊಂಡು ನೋಡಿದ್ದಾಯ್ತಲ್ಲ ಸಾರ್.”

ಅಳಿಯಂದಿರು ಗಡಿಯಾರ ನೋಡಿಕೊಂಡು, ಬೇರೆ ದಾರಿ ಕಾಣದೆ, ಹೂಂ ಅಂದರು.

ನೂಲು ಇದ್ದದ್ದು ಸ್ಟೋರಿನ ಅಕ್ಕನ ಹತ್ತಿರ. ನಟ್ಟು ಬೋಲ್ಟುಗಳ ಕೌಂಟರಿನ ಹಿಂದೆ ಕೂತು, ಹುಟ್ಟಲಿರುವ ಮೊಮ್ಮಗುವಿಗೆ ಕೆಂಪು ಉಣ್ಣೆಯ ಸ್ವೆಟರು ಹೆಣೆಯುವುದು ಆಕೆಯ ಮುಖ್ಯ ಕೆಲಸ, ಬಿಡುವಾದಾಗ ನಟ್ಟು ಕೊಡುತ್ತಿದ್ದಳು.

“ಉಂಡೆ ಮುಗಿದೋಗಿದೆ. ಇರೋದೆಲ್ಲ ಸ್ವೆಟರಲ್ಲೇ ಇದೆ.”

“ಹಾಗಾದ್ರೆ ಒಂದು ತೋಳು ಕೊಡಕ್ಕ.”

“ಅಯ್ಯೋ ನಿನ್ನ! ಮಗು ಒಂದೇ ತೋಳಲ್ಲಿ ಓಡಾಡಬೇಕಾ?”

“ಹುಟ್ಟೋಕೆ ಇನ್ನೂ ಮೂರು ತಿಂಗಳಿದೆ. ನಂಗೆ ಮೂರು ಗಂಟೆ ಇದೆ.”

ಅಕ್ಕ ಅವನ ಮುಖವನ್ನೇ ನೋಡಿದಳು. ಏನನ್ನಿಸಿತೋ, ಎಡತೋಳಿನ ಗಂಟು ಬಿಚ್ಚಿ, ಸರ್ರನೆ ಎಳೆದು ಕೊಟ್ಟಳು. ಹದಿನೈದು ದಿನದ ಹೆಣಿಗೆ ಒಂದು ನಿಮಿಷದಲ್ಲಿ ಮುಗಿಯಿತು.

ತಗಡಣ್ಣ ಉಣ್ಣೆಯನ್ನು ಬೆರಳುದ್ದ ಕತ್ತರಿಸಿ ಬಾನೆಟ್ಟಿನ ತುಂಬ ಸಾಲಾಗಿ ಟೇಪಿನಲ್ಲಿ ಅಂಟಿಸಿದ. ಕಾರಿಗೆ ಸಿಡುಬು ಎದ್ದ ಹಾಗಾಯಿತು. ಅಳಿಯಂದಿರು ಕಪ್ಪು ಕನ್ನಡಕ ಹಾಕಿಕೊಂಡು, ಯಾರಿಗೂ ಗುರುತು ಸಿಗದಿರಲೆಂದು ತಲೆ ತಗ್ಗಿಸಿಯೇ ಓಡಿಸಿದರು. ತಗಡಣ್ಣ ಪಕ್ಕದ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದು ಕಣ್ಣರಳಿಸಿ ನೋಡುತ್ತಿದ್ದ. ಬಸ್‌ಸ್ಟಾಪಿನಲ್ಲಿ ನಿಂತವನೊಬ್ಬ, “ಕಾರಿಗೆ ಗಡ್ಡ ಬಂದಿದೆ ನೋಡ್ರೋ! ಕ್ಷೌರಿಕನನ್ನೂ ಜೊತೇಲೇ ಕರ್ಕೊಂಡು ಹೊರಟಿದ್ದಾರೆ!” ಎಂದು ಕೂಗಿದ. ಎಡಗಿವಿಯ ಕಡೆ ಕೂಗಿದ್ದರಿಂದ ತಗಡಣ್ಣನಿಗೆ ಕೇಳಿಸಲಿಲ್ಲ. ಅಳಿಯಂದಿರಿಗೆ ಚೆನ್ನಾಗಿಯೇ ಕೇಳಿಸಿತು.

ಗಾಜಿನ ಬುಡದ ಎಳೆಗಳು ಮುಂದಕ್ಕೆ ಮಡಚಿಕೊಂಡು, ಬೆಳಗ್ಗೆ ಕತ್ತರಿಸಿದ ತೂತುಗಳೊಳಗೆ ಬಾಲ ತೂರಿಸುತ್ತಿದ್ದವು. ನಡುವಿನವು ಸುಮ್ಮನೆ ಮಲಗಿದ್ದವು. ಆದರೆ ಮೂತಿಯ ಅಂಚಿನಿಂದ ಒಂದೂವರೆ ಗೇಣು ಹಿಂದೆ, ಸರಿಯಾಗಿ ರೇಡಿಯೇಟರಿನ ಬೆನ್ನಿಗೆ, ಒಂದು ಸಾಲು ಎಳೆಗಳು ಯಾರೋ ಮೇಲಿಂದ ಜುಟ್ಟು ಹಿಡಿದು ಎತ್ತಿದ ಹಾಗೆ ನೆಟ್ಟಗೆ ನಿಂತು ಕುಣಿಯುತ್ತಿದ್ದವು.

“ಅಲ್ಲೇ! ಅಲ್ಲೇ ಸಾರ್!” ಎಂದು ತಗಡಣ್ಣ ಕಿರುಚಿದ. “ಗಾಳಿ ಅಲ್ಲಿ ತಾನಾಗೇ ಹೀರ್ಕೋತಾ ಇದೆ!”

ಆಮೇಲೆ ಅವನು ಬುತ್ತಿಯ ಡಬ್ಬಿ ಮುಟ್ಟಲಿಲ್ಲ. ಬೆಳಗಿನ ತೂತುಗಳಿಗೆ ತೇಪೆ ಬೆಸೆದು ಮುಚ್ಚಿದ. ಎಳೆಗಳು ಕುಣಿದ ಕಡೆ ಅಗಲವಾಗಿ ಕತ್ತರಿಸಿದ. ರೇಡಿಯೇಟರಿನ ಬೆನ್ನಿನಿಂದ ಆ ಬಾಯಿಗೆ ಏರುವ ಹಾಗೆ ತಗಡಿನ ಜಾರುಹಲಗೆಯೊಂದನ್ನು ಬಡಿದು ಬಾಗಿಸಿದ, ಬಿಸಿಗಾಳಿ ಇಂಜಿನ್ನಿನ ಕಡೆ ತಿರುಗಿಯೂ ನೋಡದೆ ಸೀದಾ ಮೇಲೆ ಹೋಗಲಿ ಎಂದು. ಬಾಯಿಯ ಮುಂದಂಚನ್ನು ಕೂದಲೆಳೆಯಷ್ಟು ಮೇಲೆತ್ತಿದ. ಅದು ಎದುರುಗಾಳಿಯನ್ನು ನೆಗೆಸಿ, ಅಡಿಯಲ್ಲಿ ಇನ್ನಷ್ಟು ಹೀರುವ ಉಪಾಯ. ಸುತ್ತಿಗೆಯ ಒಂದು ಏಟಿನ ಗುರುತೂ ತಗಡಿನ ಮೇಲೆ ಉಳಿಯಲಿಲ್ಲ. ಪೇಂಟರು ಬಣ್ಣ ಹೊಡೆಯಲು ಬಂದವನು ಕೈ ಆಡಿಸಿ ನೋಡಿ, “ಗುಂಡಿ ಮುಚ್ಚೋ ಪುಟ್ಟಿ ಹಾಕೋಕೂ ಜಾಗ ಬಿಟ್ಟಿಲ್ಲವಲ್ಲ ಮಾರಾಯ” ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ನಾಲ್ಕಕ್ಕೆ ಕ್ಲಬ್ಬಿನವರು ಬಂದರು. ಕಾರು ಹೊರಟಿತು. ಒಂದು ಸುತ್ತು, ಎರಡು, ಐದು. ತಗಡಣ್ಣ ಗೇಟಿನ ಕಂಬ ಹಿಡಿದು ನಿಂತಿದ್ದ. ಪ್ರತಿ ಸುತ್ತಿಗೂ ಒಂದೊಂದು ಬೆರಳು ಮಡಚುತ್ತಿದ್ದ. ಏಳನೆಯ ಸುತ್ತಿನಲ್ಲಿ ಕಾರು ತಡವಾದಾಗ ರಸ್ತೆಯ ನಡುವೆಯೇ ಹೋಗಿ ನಿಂತ. ಯಾರೋ ಮುದುಕಿ ರಸ್ತೆ ದಾಟುತ್ತಿದ್ದಳಂತೆ. ಹತ್ತನೆಯ ಸುತ್ತು ಮುಗಿಸಿ ಬಂದಾಗ ಬಾನೆಟ್ಟಿನ ಬಾಯಿಂದ ಬಿಸಿಗಾಳಿ ಭುಸುಭುಸು ಏಳುತ್ತಿತ್ತು, ಒಳಗೆ ಉಷ್ಣದ ಮುಳ್ಳು ಅರ್ಧದಿಂದ ಅಲುಗಿರಲಿಲ್ಲ. ಕ್ಲಬ್ಬಿನವರು ಒಬ್ಬೊಬ್ಬರಾಗಿ ಬಂದು ಗಾಳಿಗೆ ಕೈಯೊಡ್ಡಿ, ಅಹಾ ಎಂದರು. “ನಲವತ್ತೂ ನಮಗೆ ಬೇಕು. ಥೇಟ್ ಇದೇ ಥರ. ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರದು.”

ಸ್ಟೋರಿನ ಅಕ್ಕ ಒಂಟಿ ತೋಳಿನ ಸ್ವೆಟರನ್ನೇ ಬಾವುಟದ ಹಾಗೆ ಬೀಸಿದಳು. ವೈರ್‌ಮನ್ ಬಂದು ತಗಡಣ್ಣನ ಬೆನ್ನು ತಟ್ಟಿ, “ಮೊದಲಿಂದಲೂ ನಂಗೆ ನಿನ್ನ ಮೇಲೆ ನಂಬಿಕೆ ಇತ್ತು ಕಣೋ” ಎಂದ.

ಕ್ಲಬ್ಬಿನವರ ಜೊತೆ ಬಿಳಿ ಕೋಟಿನ ಇಬ್ಬರು ಬಂದಿದ್ದರು. ಅವರು ಬಾನೆಟ್ಟನ್ನು ಬಿಚ್ಚಿ, ಮೆತ್ತಗೆ ಎತ್ತಿ ತಗಡಣ್ಣನ ಶೆಡ್ಡಿಗೇ ಒಯ್ದು ಅವನ ಮೇಜಿನ ಮೇಲೆ ಮಲಗಿಸಿದರು. ಮೇಣ ಹಚ್ಚಿ ತಿಕ್ಕತೊಡಗಿದರು. ಎಷ್ಟು ಮರ್ಯಾದೆ ಮಾಡುತ್ತಾರಪ್ಪ ಎಂದು ತಗಡಣ್ಣ ತಾನೂ ಒಂದು ಬಟ್ಟೆ ಹಿಡಿದು ಮೂಲೆಮೂಲೆ ತಿಕ್ಕಿಕೊಟ್ಟ. ಆಮೇಲೆ ಅವರು ಅದರ ಮೇಲೆ ಬಿಳಿ ಜಾಳು ಬಟ್ಟೆ ಹಾಸಿ, ಡಬ್ಬದಿಂದ ಜೇನಿನಂಥ ಅಂಟು ಸುರಿದರು. ಶೆಡ್ಡಿನ ತುಂಬ ಕಣ್ಣುರಿಯುವ ವಾಸನೆ ಹರಡಿತು.

“ಇದೇನ್ ಸಾರ್ ಇದು?”

“ಅಚ್ಚು ತೆಗೀತಿದ್ದಾರೆ,” ಎಂದರು ಅಳಿಯಂದಿರು, ಖುಷಿಯಿಂದ. “ಇನ್ಮೇಲೆ ಎಲ್ಲಾ ಫೈಬರ್. ದಿನಕ್ಕೆ ಮೂರು ಬಾನೆಟ್ ಎರೀತಾರಂತೆ, ಹದಿನೈದು ದಿನದಲ್ಲಿ ನಲವತ್ತೂ ಮುಗೀತು. ನೀವು ಚೂರು ಸೊಟ್ಟ ಬಡಿದಿದ್ರೂ ಅಚ್ಚಿಗೆ ಆಗ್ತಿರಲಿಲ್ಲ ನೋಡಿ. ಅಷ್ಟು ಚೆನ್ನಾಗಿ ಮಾಡಿದೀರಿ!”

ತಗಡಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟ. “ಶೆಡ್ಡು ಮುಚ್ಚಲ್ಲ ಅಂದಿದ್ರಿ.”

“ಎಲ್ಲಿ ಮುಚ್ಚಿದೆ? ಇನ್ನು ಎರಡು ಪಾಳಿ ನಡೆಯುತ್ತೆ. ಆದ್ರೆ ಇದು ಎರಕದ ಕೆಲಸ, ಸುತ್ತಿಗೆ ಸದ್ದೂ ಆಗಬಾರದಂತೆ, ಅಚ್ಚು ನಡುಗುತ್ತಂತೆ. ನಿಮ್ಮ ಸಾಮಾನು ಈವತ್ತೇ ಹೊರಗೆ ಇಡಿಸ್ತೀನಿ. ನೀವೂ ಪಾಪ ಎಷ್ಟು ವರ್ಷ ದುಡೀತೀರ, ಒಂದನೇ ತಾರೀಕಿಂದ ಆರಾಮಾಗಿರಿ.” ಎರಡು ಹೆಜ್ಜೆ ಹೋಗಿ, ಮೂಗು ಮುಚ್ಚಿಕೊಂಡು ತಿರುಗಿದರು. “ಅಂದ ಹಾಗೆ, ಈ ಅಂಟಿನ ವಾಸನೆ ಹೊರಗೆ ಹೋಗೋಕೆ ಗೋಡೆಯಲ್ಲಿ ಒಂದು ಬಾಯಿ ತೆಗೀಬೇಕು. ಅದೊಂದು ನಾಳೆ ಮಾಡಿಕೊಟ್ಟು ಹೋಗಿ. ಆ ಬಾಗಿಲ ಪಕ್ಕದ ಗೋಡೆ ಆಗುತ್ತಲ್ಲ?”

ಆಗುತ್ತೆ ಅಂದುಬಿಟ್ಟರೆ ಸಾಕಿತ್ತು. ಎರಡು ಪಾಳಿಯವರೂ ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು, ವಾರದೊಳಗೆ ಎರಕದವರು ಗಂಟುಮೂಟೆ ಕಟ್ಟುತ್ತಿದ್ದರು. ತಗಡಣ್ಣ ಬಾಯಿ ತೆರೆದ. ಆ ಒಂದು ಮಾತು ನಾಲಗೆಯ ತುದಿಯವರೆಗೆ ಬಂದು, ಅಲ್ಲಿಂದ ಮುಂದೆ ಹೊರಡಲಿಲ್ಲ.

“ಆ ಗೋಡೆ ಬೇಡ ಸಾರ್, ಹೋದ ವಾಸನೆ ಬಾಗಿಲಿಂದ ವಾಪಸ್ ಬರುತ್ತೆ,” ಎಂದ, ತನ್ನ ಮೇಲೆಯೇ ಸಿಟ್ಟಾಗುತ್ತ. “ಈ ಹಿಂದಿನ ಗೋಡೆ. ಮೇಲ್ಗಡೆ, ಮಾಡಿನ ಹತ್ರ.”

“ಸರಿ. ನಾಳೆ ಒಂಬತ್ತಕ್ಕೆ ಬರ್ತೀರಲ್ಲ?”

“ಬಿಸಿಲೇರಿದ್ರೆ ಗೋಡೆ ಕಾಯುತ್ತೆ,” ಎಂದ ತಗಡಣ್ಣ. “ಎಂಟಕ್ಕೇ ಬರ್ತೀನಿ.”