ಮಹಿಳಾ ಬಳಗದ ನಡೆಯುವ ಗೋಡೆಗಳು

"ಅತ್ತೆ, ಇದು ಬರೀ ಕಟ್ಟಡ ಅಲ್ಲ. ಇದಕ್ಕೆ ಬುದ್ಧಿ ಇದೆ!" ಎಂದು ಚಾರುಲತಾ ಎರಡೂ ಕೈ ಚಾಚಿ ತೋರಿಸಿದಳು.

ವಿಶಾಲಾಕ್ಷಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ತುಮಕೂರಿನ ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಬ್ಬಿಣದ ಕಂಬಗಳ ಮೇಲೆ ಅಗಲವಾದ ಶೀಟಿನ ಸೂರು ನಿಂತಿತ್ತು. ಅದರ ಕೆಳಗೆ ಆಳೆತ್ತರದ ಬಿಳಿ ಹಲಗೆಗಳ ಗೋಡೆ. ಗೋಡೆಗೂ ಸೂರಿಗೂ ನಡುವೆ ಗಾಳಿಯಾಡಲು ಮೂರಡಿ ಸಂದು. ಒಂದು ಬಾಗಿಲು. ಗೋಡೆಯಾಚೆ ಸೂರಿನ ಅಂಚಿನವರೆಗೆ ಕಿರಿದಾದ ಜಗಲಿ. ಬುದ್ಧಿ ಮಾತ್ರ ಎಲ್ಲೂ ಕಾಣಲಿಲ್ಲ.

"ಗೋಡೆ ಕೆಳಗೆ ಚಕ್ರ ಇದೆ, ಬುಡದಲ್ಲಿ ಕಣ್ಣಿದೆ. ಜನ ಎಲ್ಲಿ ಜಾಸ್ತಿ ಇದಾರೋ ನೋಡ್ಕೊಂಡು ಗೋಡೆ ತಾನೇ ಸರಿದು ಅಲ್ಲಿಗೆ ಜಾಗ ಕೊಡುತ್ತೆ. ಜನ ಇಲ್ಲದ ಕಡೆಯಿಂದ ವಾಪಸ್ ತಗೊಳ್ಳುತ್ತೆ. ಸಭೆಗೆ ಸಭೆಯಷ್ಟು, ಭಜನೆಗೆ ಭಜನೆಯಷ್ಟು!"

"ಹೋದ ವರ್ಷದ ಸ್ಕೂಲಿನ ಥರ ಅಲ್ಲ ತಾನೇ?"

ಚಾರು ಮುಖ ಊದಿಸಿಕೊಂಡಳು. ಹೋದ ವರ್ಷ ಅವಳು ಬಿಸಿಲಿನ ಜೊತೆ ತಿರುಗುವ ಶಾಲೆಯ ಮಾದರಿ ಮಾಡಿದ್ದಳು. ಪರೀಕ್ಷೆಯ ದಿನ ಅದು ಎಷ್ಟು ಉತ್ಸಾಹದಿಂದ ತಿರುಗಿತೆಂದರೆ, ಅದರೊಳಗಿದ್ದ ಬೆಂಡಿನ ಮಕ್ಕಳೆಲ್ಲ ಹಾರಿ ಪರೀಕ್ಷಕರ ಕಾಫಿ ಲೋಟಕ್ಕೆ ಬಿದ್ದಿದ್ದರು. ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷ ಅಲ್ಲಿಗೇ ಕೆಟ್ಟು ನಿಂತಿತು. ಈ ಸಲವೂ ಫೇಲಾದರೆ ಓದು ಸಾಕು, ಬಂದು ಟೈಲ್ಸ್ ಅಂಗಡಿಯಲ್ಲಿ ಕೂರು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಅಪ್ಪನೆಂದರೆ ವಿಶಾಲಾಕ್ಷಮ್ಮನ ತಮ್ಮ. ಇನ್ನೊಂದು ಅವಕಾಶ ಕೊಡೋ ಎಂದು ಅವನ ಬೆನ್ನು ಬಿದ್ದು ಒಪ್ಪಿಸಿದ್ದವರು ವಿಶಾಲಾಕ್ಷಮ್ಮನೇ. ಸೈಟು ಬಿಟ್ಟುಕೊಟ್ಟವರೂ ಅವರೇ. ಅವರು ಬಡಾವಣೆಯ ಮಹಿಳಾ ಬಳಗದ ಅಧ್ಯಕ್ಷೆ. ಹನ್ನೊಂದು ವರ್ಷದಿಂದ ಬಳಗದ ಸಭೆ ಅವರ ಮನೆ ಮೆಟ್ಟಿಲ ಮೇಲೇ ನಡೆಯುತ್ತಿತ್ತು.

ಚಾರುವಿನ ನಾಲ್ವರು ಗೆಳತಿಯರು ಶೂ ಟಪಟಪ ಅನ್ನಿಸುತ್ತ ಒಳಗೆ ಹೋಗಿ ಒಂದು ಮೂಲೆಯಲ್ಲಿ ನಿಂತರು. ಗೋಡೆ ಸದ್ದಿಲ್ಲದೆ ಸರಿದು ಮೂಲೆಯನ್ನು ಅಗಲ ಮಾಡಿತು. ಅವರು ಇನ್ನೊಂದು ಮೂಲೆಗೆ ಹೋದರು. ಆ ಮೂಲೆಯೂ ಅಗಲವಾಯಿತು!

"ಭೇಷ್!" ಎಂದರು ವಿಶಾಲಾಕ್ಷಮ್ಮ. ಅವರಿಗೆ ನಿಜಕ್ಕೂ ಹೆಮ್ಮೆಯಾಯಿತು. "ಆದ್ರೆ ನೆಲ ನೋಡು. ಶೂ ಹಾಕ್ಕೊಂಡು ಓಡಾಡಿ ಎಷ್ಟು ಗಲೀಜು ಮಾಡಿದೀರ!"

ಚಾರು ಪರೀಕ್ಷಕರನ್ನು ಕರೆತರಲು ಹೊರಟ ಮೇಲೆ ಅವರು ನೆಲ ಒರೆಸಿ, ಬಾಗಿಲಲ್ಲಿ ರಂಗೋಲಿ ಹಾಕಿ, ಪಕ್ಕದಲ್ಲಿ ಒಂದು ರಟ್ಟು ನೇತುಹಾಕಿದರು. 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು.

ಹತ್ತೂವರೆಗೆ ಬಳಗದ ಮೂವತ್ತೆಂಟು ಹೆಂಗಸರೂ ಬಂದು, ಚಪ್ಪಲಿಯನ್ನು ಬಾಗಿಲಾಚೆ ಸಾಲಾಗಿ ಬಿಟ್ಟು, ಜಮಖಾನದ ಮೇಲೆ ಕೂತರು. ಪರೀಕ್ಷಕ ಪ್ರೊಫೆಸರ್ ಅಡವೀಶಯ್ಯನವರು ಮಾತ್ರ ರಟ್ಟು ಓದಿ ತಲೆಯಾಡಿಸಿದರು.

"ಕ್ಷಮಿಸೀಮ್ಮಾ, ನನಗೆ ಸೊಂಟ ನೋವು. ಬಗ್ಗಿ ಲೇಸ್ ಬಿಚ್ಚೋಕೆ ಆಗಲ್ಲ."

ದೊಡ್ಡ ಮನುಷ್ಯರು, ಮೇಲಾಗಿ ಪರೀಕ್ಷಕರು. ವಿಶಾಲಾಕ್ಷಮ್ಮ ಹಲ್ಲು ಕಚ್ಚಿಕೊಂಡು ನಕ್ಕರು. ಪ್ರೊಫೆಸರು ಶೂ ಸಮೇತ ಒಳಗೆ ಹೋಗಿ ಎದುರಿನ ಕುರ್ಚಿಯಲ್ಲಿ ಕೂತರು. ಚಾರು ಗೋಡೆಯಲ್ಲಿದ್ದ ಸ್ವಿಚ್ ಒತ್ತಿ, ನಕ್ಷೆ ಬಿಡಿಸಿ ವಿವರಿಸಲು ಶುರುಮಾಡಿದಳು.

"ಗಿರಿಜಾಂಬಾ, ಸ್ವಲ್ಪ ಆ ಕಡೆ ಸರೀರಿ. ಮೈಮೇಲೆ ಬರ್ತಾ ಇದೀರಲ್ಲ!" ಎಂದರು ಹಿಂದಿನ ಸಾಲಿನ ಪುಟ್ಟತಾಯಮ್ಮ.

"ನಾನೆಲ್ಲಿ ಬಂದೆ? ನೀವೇ ನನ್ನ ತಳ್ತಾ ಇರೋದು!"

ಐದು ನಿಮಿಷ ಎಲ್ಲರೂ ಪಕ್ಕದವರನ್ನು ಬೈದುಕೊಂಡೇ ಕಳೆದರು. ಗೋಡೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಗೋಡೆ ನಡೆಯುತ್ತದೆ ಎಂದು ಯಾರು ತಾನೇ ನೆನೆಸಿಯಾರು? ಮೆತ್ತಗೆ, ಬಹಳ ಮರ್ಯಾದೆಯಿಂದ, ಅದು ಬಳಗವನ್ನೆಲ್ಲ ಜಮಖಾನದ ಸಮೇತ ಬಾಗಿಲಿನಿಂದ ಹೊರಕ್ಕೆ ಕಳಿಸಿತು. ಹಿಂದೆಯೇ, ನಕ್ಷೆಯನ್ನು ಪ್ರೊಫೆಸರ ಕೈಯಲ್ಲೇ ಬಿಟ್ಟು, ಬರಿಗಾಲಿನ ಚಾರುವೂ ಬಂದಳು. ಅತ್ತೆಯ ರಟ್ಟಿಗೆ ಹೆದರಿ ಅವಳೂ ಶೂ ಬಿಚ್ಚಿಟ್ಟಿದ್ದಳು.

ಹೊರಗಿನ ಜಗಲಿ ಈಗ ಮದುವೆಮನೆಯಷ್ಟು ದೊಡ್ಡದಾಗಿತ್ತು. ಒಳಗಿನ ಹಾಲ್ ಅಡುಗೆಮನೆಯಷ್ಟಾಗಿತ್ತು.

"ಏನೇ ಇದು?" ಎಂದರು ವಿಶಾಲಾಕ್ಷಮ್ಮ.

ಚಾರು ಚಪ್ಪಲಿಗಳ ಸಾಲು ನೋಡಿದಳು, ರಟ್ಟು ನೋಡಿದಳು, ಅತ್ತೆಯನ್ನು ನೋಡಿದಳು. "ಅತ್ತೆ... ಇದು ಜನರನ್ನ ಎಣಿಸೋದೇ ಪಾದರಕ್ಷೆ ನೋಡಿ. ಮೊದಲು ಮುಖ ನೋಡೋಕೆ ಕಲಿಸಿದ್ದೆ, ಕ್ಯಾಲೆಂಡರಿನ ದೇವರನ್ನೂ ಎಣಿಸಿಬಿಡ್ತಿತ್ತು. ಕಾಲೇಜಲ್ಲಿ ಎಲ್ಲರೂ ಶೂ ಹಾಕೇ ಇರ್ತಾರಲ್ಲ, ಅದಕ್ಕೇ..."

"ಅಂದ್ರೆ ಜನ ಎಲ್ಲ ಹೊರಗಿದಾರೆ ಅಂದ್ಕೊಂಡಿದೆಯಾ?"

"ಹೂಂ. ಒಳಗೆ ಸರ್ ಒಬ್ಬರೇ ಇದಾರೆ ಅಂದ್ಕೊಂಡಿದೆ."

"ಹಾಗಾದ್ರೆ ಆರಿಸೇ!"

"ಸ್ವಿಚ್ ಇದ್ದ ಹಲಗೆ ಮಡಚ್ಕೊಂಡು ಬೇರೆ ಹಲಗೆ ಹಿಂದೆ ಹೋಗಿದೆ ಅತ್ತೆ!"

ವಿಶಾಲಾಕ್ಷಮ್ಮ ಬಾಗಿಲ ಪಕ್ಕದ ರಟ್ಟನ್ನು ನೋಡಿದರು. ಯಂತ್ರದ್ದೇನೂ ತಪ್ಪಿರಲಿಲ್ಲ. ಆ ರಟ್ಟು ಬರೆದ ಕೈ ತಮ್ಮದು. ಜೀವನದಲ್ಲಿ ಎಂದೂ ಆಡದ ಮಾತನ್ನು ಅವರು ಗಟ್ಟಿಯಾಗಿ ಆಡಿದರು.

"ಎಲ್ಲರೂ ಚಪ್ಪಲಿ ಹಾಕ್ಕೊಂಡು ಒಳಗೆ ನಡೀರಿ!"

ಬಳಗದವರು ಬೆಚ್ಚಿಬಿದ್ದರೂ ಅಧ್ಯಕ್ಷರ ಮಾತು ಮೀರಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದರು. ಬಾಗಿಲು ಬಂದಕೂಡಲೇ ಕಾಲು ತಂತಾನೇ ಚಪ್ಪಲಿ ಕಳಚಿತು! ಮೊದಲು ಪುಟ್ಟತಾಯಮ್ಮನದು, ಆಮೇಲೆ ಗಿರಿಜಾಂಬಾ ಅವರದು.

"ಅಯ್ಯೋ, ಬಿಡಬೇಡಿ ಅಂದ್ರೆ!"

"ನಾವೆಲ್ಲಿ ಬಿಟ್ವಿ? ಅದೇ ಬಿಟ್ಟುಹೋಯ್ತು!"

"ನಾನು ತೋರಿಸ್ತೀನಿ, ನೋಡಿ," ಎಂದು ವಿಶಾಲಾಕ್ಷಮ್ಮ ತಾವೇ ದಾಪುಗಾಲು ಹಾಕಿದರು. ಒಳಗೆ ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಅವರ ಚಪ್ಪಲಿಯೂ ಹೊಸ್ತಿಲಾಚೆ ಜೋಡಿಯಾಗಿ ಕೂತಿತ್ತು. ಬಾಗಿಲ ಬುಡದಲ್ಲಿ ಇಷ್ಟು ಜನ ಸೇರಿದ್ದು ಕಂಡು ಯಂತ್ರ ಜಗಲಿಗೆ ಇನ್ನಷ್ಟು ಜಾಗ ಕೊಟ್ಟಿತು. ವಿಶಾಲಾಕ್ಷಮ್ಮ ಹೊರಗೆ ಬಿದ್ದರು. ಬಾಗಿಲು ಒಂದು ಗೇಣಿನ ಸಂದಾಯಿತು.

ಆ ಸಂದಿನೊಳಗಿಂದ ಪ್ರೊಫೆಸರ ದನಿ ಬಂತು. "ಚಾರುಲತಾ, ಈ ಕೋಣೆಯ ಅಗಲ ನಕ್ಷೆಯಲ್ಲಿ ಎಷ್ಟಿದೆ?"

"ಮೂವತ್ತಡಿ ಸರ್."

"ನನ್ನ ಎರಡೂ ಮೊಣಕೈ ಗೋಡೆಗೆ ತಾಗ್ತಾ ಇದೆ."

"ಶೂ ಬಿಚ್ಚಿಬಿಡಿ ಸರ್!" ಎಂದು ಪುಟ್ಟತಾಯಮ್ಮ ಕೂಗಿದರು.

"ಬಗ್ಗೋಕೆ ಮೊದಲೂ ಆಗ್ತಿರಲಿಲ್ಲ ತಾಯಿ. ಈಗಂತೂ ಜಾಗವೇ ಇಲ್ಲ."

ಚಾರು ನೆಲದ ಮೇಲೆ ಕುಸಿದು ಕೂತಳು. "ಟೈಲ್ಸ್ ಅಂಗಡಿ ಅತ್ತೆ," ಎಂದಳು ಮೆಲ್ಲಗೆ. ವಿಶಾಲಾಕ್ಷಮ್ಮ ಗೋಡೆಯ ಮೇಲಿನ ಮೂರಡಿ ಸಂದನ್ನು ನೋಡಿದರು. ಬಗ್ಗಿ ತಮ್ಮ ಚಪ್ಪಲಿ ಎತ್ತಿಕೊಂಡರು.

"ಸರ್, ತಲೆ ಮೇಲೆ ನಕ್ಷೆ ಹಿಡ್ಕೊಳ್ಳಿ. ಇದು ನಿಮಗಲ್ಲ, ಗೋಡೆಗೆ!"

ಒಂದು ಚಪ್ಪಲಿ ಸಂದಿನಿಂದ ಒಳಗೆ ಬಿತ್ತು. ಹಿಂದೆಯೇ ಇನ್ನೊಂದು. ಗೋಡೆ ಒಂದು ಕ್ಷಣ ಯೋಚಿಸಿ ಎರಡಡಿ ಹಿಂದೆ ಸರಿಯಿತು.

"ಎಸೀರಿ!" ಎಂದರು ಅಧ್ಯಕ್ಷರು.

ಬಳಗದ ಹೆಂಗಸರು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ತುಮಕೂರಿನಲ್ಲಿ ಒಬ್ಬ ಪ್ರೊಫೆಸರ ಮೇಲೆ ಇಷ್ಟೊಂದು ಚಪ್ಪಲಿ, ಇಷ್ಟೊಂದು ಗೌರವದಿಂದ ಎಂದೂ ಬಿದ್ದಿರಲಾರದು! "ತಪ್ಪು ತಿಳ್ಕೋಬೇಡಿ ಸರ್!" "ಕ್ಷಮಿಸಿ ಸರ್!" ಎನ್ನುತ್ತ ಒಬ್ಬೊಬ್ಬರೂ ಎಸೆದರು. ಗಿರಿಜಾಂಬಾ ಎಸೆಯುವ ಮುನ್ನ ಚಪ್ಪಲಿ ಒರೆಸಿದರು. ಪ್ರತಿ ಜೊತೆಗೂ ಗೋಡೆ ಹಿಂದೆ ಹಿಂದೆ ಹೋಗಿ, ಕೊನೆಗೆ ಹಾಲ್ ತನ್ನ ಮೂವತ್ತಡಿಗೆ ಬಂದು ನಿಂತಿತು. ನಡುವೆ ಕುರ್ಚಿಯಲ್ಲಿ, ಎಪ್ಪತ್ತಾರು ಚಪ್ಪಲಿಗಳ ಮಧ್ಯೆ, ತಲೆ ಮೇಲೆ ನಕ್ಷೆ ಹಿಡಿದುಕೊಂಡು ಪ್ರೊಫೆಸರ್ ಅಡವೀಶಯ್ಯನವರು ಕೂತಿದ್ದರು.

ಅವರು ನಿಧಾನವಾಗಿ ಎದ್ದು ಹೊರಗೆ ಬಂದು, ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತರು.

"ಮೂವತ್ತು ವರ್ಷದಿಂದ ಹುಡುಗರು ಮಾಡೋ ಸಮುದಾಯ ಭವನ ನೋಡ್ತಾ ಇದೀನಿ," ಎಂದರು. "ಒಬ್ಬರೂ ಚಪ್ಪಲಿ ಬಿಡೋಕೆ ಜಾಗ ತೋರಿಸಿಲ್ಲ. ಜನ ಬಂದು ಕೂರೋದು ಜಗಲೀಲೇ ಅನ್ನೋದೂ ಯಾರಿಗೂ ಹೊಳೆದಿಲ್ಲ. ಇದೊಂದೇ ಕಟ್ಟಡಕ್ಕೆ ಗೊತ್ತಾಗಿರೋದು."

ಚಾರುವಿಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ವಿಶಾಲಾಕ್ಷಮ್ಮ ಉಪ್ಪಿಟ್ಟು ತರಿಸಿದರು. ಪ್ರೊಫೆಸರಿಗೂ ಬಳಗದ ಮಧ್ಯೆ ಶೂ ಹಾಕಿ ಕೂರಲು ಸಂಕೋಚವಾಗಿ, ಚಾರುವಿನ ಕೈಯಲ್ಲಿ ಲೇಸ್ ಬಿಚ್ಚಿಸಿಕೊಂಡರು. ಅವಳು ಆ ಶೂ ಒಯ್ದು ಭದ್ರವಾಗಿ ಹಾಲಿನೊಳಗೆ ಇಟ್ಟಳು. ಹೆಂಗಸರು ತಮ್ಮ ತಮ್ಮ ಚಪ್ಪಲಿ ಹುಡುಕಿ ಹೊರಗೆ ತಂದುಕೊಂಡರು. ಖುಷಿಯಲ್ಲಿ ಸ್ವಿಚ್ ಆರಿಸುವುದು ಯಾರಿಗೂ ನೆನಪಾಗಲಿಲ್ಲ.

ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಹಾಲ್ ಇರಲಿಲ್ಲ. ಜಗಲಿಯ ನಡುವೆ ಒಂದು ಬಿಳಿ ಕಂಬ ಮಾತ್ರ ನಿಂತಿತ್ತು. ಶೂ ಅದರ ಒಳಗಿತ್ತು.

ಪುಟ್ಟತಾಯಮ್ಮ ಸೀರೆ ಸಿಕ್ಕಿಸಿಕೊಂಡು ಎದ್ದರು. "ಮತ್ತೆ ಎಸೀಲಾ ಸರ್?"

"ಬೇಡ ತಾಯಿ," ಎಂದು ಪ್ರೊಫೆಸರು ಕೈ ಎತ್ತಿದರು. "ದಿನಕ್ಕೆ ಒಂದು ಸಲ ಸಾಕು."

ಅವರು ವಿಶಾಲಾಕ್ಷಮ್ಮನ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೊರಟರು.

ಮುಂದಿನ ವಾರ ಬಳಗದ ಸಭೆ ಜಗಲಿಯ ಮೇಲೆ, ಕಂಬದ ಸುತ್ತ ನಡೆಯುತ್ತಿದ್ದಾಗ ಚಾರು ಒಂದು ಕಾಗದ ಹಿಡಿದು ಓಡಿಬಂದಳು.

"ಅತ್ತೆ! ಪಾಸು! ಸರ್ ಒಂದು ಪುಟ ಪೂರ್ತಿ ಹೊಗಳಿ ಬರೆದಿದಾರೆ!"

ವಿಶಾಲಾಕ್ಷಮ್ಮ ಅವಳ ತಲೆ ಸವರಿ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಬರಿಗಾಲು ನೋಡಿಕೊಂಡರು.

"ಸಂತೋಷ ಕಣೇ. ಕೆಳಗಡೆ ನೋಡು, ನನ್ನ ಚಪ್ಪಲಿ ಯಾವಾಗ ಕಳಿಸ್ತೀನಿ ಅಂತ ಬರೆದಿದಾರಾ?"