ಬಿಸಿಯಾದರಷ್ಟೇ ನಿಲ್ಲುವ ಕಾರು

ಹೆಂಡತಿಯನ್ನು ಒಪ್ಪಿಕೊಳ್ಳಲು ನನಗೆ ಒಂದು ಸಂಜೆ ಸಾಕಾಗಿತ್ತು. ಬ್ರೇಕ್ ಪ್ಯಾಡ್ ಆರಿಸಲು ಇಡೀ ಬೇಸಿಗೆ ಹಿಡಿಯಿತು. (ಈ ಮಾತನ್ನು ಅವಳೆದುರು ಒಮ್ಮೆ ಆಡಿದ್ದೇನೆ. ಇನ್ನೊಮ್ಮೆ ಆಡುವ ಧೈರ್ಯವಿಲ್ಲ.) ಸಂಸಾರಕ್ಕಿರುವ ಒಂದೇ ಕಾರನ್ನು ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಓಡಿಸುವುದು ನನ್ನ ಪರಮ ಪುರುಷಾರ್ಥ. ಮಾಮೂಲಿ ಪ್ಯಾಡುಗಳು ಅಲ್ಲಿ ನಾಲ್ಕು ಸುತ್ತಿಗೇ ಕಾದು ಕೈಕೊಡುತ್ತವೆ. ಅದಕ್ಕೇ ಎಷ್ಟು ಕಾದರೂ ಜಗ್ಗದ ರೇಸ್ ಪ್ಯಾಡುಗಳನ್ನು ಹಾಕಿಸಿದೆ.

ಅವುಗಳಿಗೆ ಒಂದೇ ಐಬು. ತಣ್ಣಗಿದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಹೆಂಡತಿ ಹಾಲು ಕಾಯಿಸುವ ಹೊತ್ತಿಗೆ ನಾನು ಬೀದಿಯಲ್ಲಿ ಕಾರನ್ನು ಹಿಂದೆಮುಂದೆ ಓಡಿಸಿ, ತುಳಿದು ತುಳಿದು ಬ್ರೇಕು ಕಾಯಿಸುತ್ತಿದ್ದೆ.

"ರೀ, ಕಾರಂದ್ರೆ ತುಳಿದ ತಕ್ಷಣ ನಿಲ್ಬೇಕು. ಅದಕ್ಕೂ ಮೂಡ್ ಬರ್ಬೇಕಾ?"

"ನಿಂಗೆ ಗೊತ್ತಾಗಲ್ಲ ಕಣೇ. ನಿಲ್ಸೋದು ಯಾರಾದ್ರೂ ನಿಲ್ಸ್ತಾರೆ. ಎಷ್ಟು ತಡವಾಗಿ ತುಳೀತೀವಿ ಅನ್ನೋದ್ರಲ್ಲಿದೆ ವಿದ್ಯೆ!"

ಟ್ರ್ಯಾಕಿನಲ್ಲಿ ನಾವು ಕಲಿಯುವಾಗ, ಬ್ರೇಕ್ ತುಳಿಯಬೇಕಾದ ಕಡೆ ಗೆಳೆಯನೊಬ್ಬ ಅಂಚಿನಲ್ಲಿ ನಿಂತು ಕೈಯೆತ್ತುತ್ತಿದ್ದ. ಆ ಕೈ ಏಳುವ ತನಕ ತುಳಿಯಕೂಡದು. ಈ ಪಾಠವನ್ನು ಹೆಂಡತಿಗೂ ಹೇಳಿಕೊಟ್ಟಿದ್ದೆ.

ಮೊನ್ನೆ ಭಾನುವಾರ ಹೆಲ್ಮೆಟ್ ಹಿಡಿದು ಹೊರಡುವಷ್ಟರಲ್ಲಿ ಅತ್ತೆ ಎದೆ ಹಿಡಿದುಕೊಂಡು ಸೋಫಾದ ಮೇಲೆ ಕುಸಿದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಗ್ಯಾಸ್ ಇರ್ಬೇಕು," ಎಂದೆ. ಹೆಂಡತಿ ನೋಡಿದ ನೋಟಕ್ಕೆ ಆ ಪ್ಯಾಡುಗಳು ಅಲ್ಲೇ ಕಾಯಬೇಕಿತ್ತು. ಕೀಲಿ ಕಿತ್ತುಕೊಂಡಳು.

"ತಡಿಯೇ, ಬ್ರೇಕ್ ಕಾಯಿಸ್ಬಿಡ್ತೀನಿ..."

"ಅಮ್ಮನ ಕೈ ತಣ್ಣಗಾಗ್ತಿದೆ! ಹತ್ರೀ ಗಾಡಿ!"

ರಜೆಯ ಬೆಳಗು, ರಸ್ತೆ ಖಾಲಿ. ಬ್ರೇಕ್ ಮುಟ್ಟುವ ಪ್ರಸಂಗವೇ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಅವರ ಉಸಿರು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳಿಸುತ್ತಿತ್ತು. ನನಗೆ ನಿಜವಾಗಿಯೂ ಭಯವಾಯಿತು.

ಆಸ್ಪತ್ರೆಯ ಗೇಟು ಏರಿನ ತುದಿಯಲ್ಲಿದೆ. ಕಾರು ತಾನಾಗಿಯೇ ನಿಂತಿತು. ನಾನು ಇಳಿದು ಗೇಟು ತೆರೆಸಿ, ಸ್ಟ್ರೆಚರ್ ತರಿಸಲು ಒಳಗಿನ ಇಳಿಜಾರಿನಲ್ಲಿ ಮುಂದಾಗಿ ಓಡಿದೆ. ಸ್ಟ್ರೆಚರ್ ಹೊರಗೆ ಬಂತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ! ತುರ್ತು ಚಿಕಿತ್ಸೆಯ ಬಾಗಿಲ ಮುಂದೆ, ಅಂಚು ಮರೆತು, ದಾರಿಯ ನಟ್ಟನಡುವೆ ಧ್ವಜಸ್ತಂಭದಂತೆ ನಿಂತೆ.

"ಬಾ, ಬಾ, ಬಾ..." ಕೈಯೆತ್ತಿದೆ. "ಈಗ ತುಳಿ!"

ಒಳ್ಳೆಯ ಶಿಷ್ಯೆ. ಕೈ ಎದ್ದ ಮೇಲೆಯೇ ತುಳಿದಳು. ಕಾರು ಬರುತ್ತಲೇ ಇತ್ತು. ಗಾಜಿನ ಹಿಂದೆ ಅವಳು ಎರಡೂ ಕಾಲಲ್ಲಿ ತುಳಿಯುತ್ತಾ ಕಿರುಚುತ್ತಿದ್ದಳು. ಪ್ಯಾಡುಗಳು ಮಾತ್ರ ಮೌನವ್ರತದಲ್ಲಿದ್ದವು. ಕೊನೆಗೆ ನನ್ನ ಬಲಗಾಲನ್ನು ಬಾಗಿಲ ಪಕ್ಕದ ಗೋಡೆಗೆ ಒತ್ತಿ ಕಾರು ನಿಂತಿತು.

ಅತ್ತೆಯನ್ನು ಆ ಕೂಡಲೇ ಒಳಗೆ ಒಯ್ದರು. ಇನ್ನೊಂಚೂರು ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಬ್ರೇಕು ಕಾಯಿಸಲು ನಾನು ಕೇಳಿದ್ದು ಅಷ್ಟೇ ಹೊತ್ತು. ಆಸ್ಪತ್ರೆಯ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಾನು ಅತ್ತುಬಿಟ್ಟೆ.

ಮನೆಗೆ ಹೊರಟ ದಿನ ಅತ್ತೆಯವರು ನಡೆದುಕೊಂಡೇ ನನ್ನ ಮಂಚದ ಹತ್ತಿರ ಬಂದರು. ನನ್ನ ಕಾಲಿಗೆ ಕಂಬಿ ಹಾಕಿ ಮೇಲಕ್ಕೆ ಕಟ್ಟಿದ್ದಾರೆ. ಪೆಡಲ್ ತುಳಿಯುವ ಬಲ ಅದಕ್ಕೆ ಮತ್ತೆ ಬರುವುದಿಲ್ಲವಂತೆ.

"ಅಳಿಯಂದ್ರೇ, ಧೈರ್ಯವಾಗಿರಿ," ಎಂದರು.

"ಆ ಹಾಳು ಪ್ಯಾಡ್ ತೆಗೆಸ್ಬಿಡೇ," ಎಂದೆ ಹೆಂಡತಿಗೆ.

"ಯಾಕ್ರೀ? ನಿಮ್ಮ ಔಷಧಿಗೆ ಊರೆಲ್ಲ ಸುತ್ತಿದ್ನಲ್ಲ, ಬಿಸಿಯಾದ್ಮೇಲೆ ಏನ್ ಚೆನ್ನಾಗಿ ಹಿಡೀತವೆ! ಟ್ರ್ಯಾಕಿನವ್ರು ಫೋನ್ ಮಾಡಿದ್ರು, ಭಾನುವಾರ ನಿಮ್ಮ ಜಾಗ ಖಾಲಿ ಇದೆಯಂತೆ. ನಾನೇ ಬರ್ತೀನಿ ಅಂದೆ."

"ನೀನಾ! ತುಳಿಯೋ ಜಾಗ ತೋರ್ಸೋಕೆ ಒಬ್ರು ಬೇಕಲ್ಲೇ?"

ಅವಳು ನನ್ನ ಹೊದಿಕೆ ಸರಿಮಾಡಿದಳು.

"ನೀವಿದೀರಲ್ಲ, ವೀಲ್‌ಚೇರಲ್ಲಿ ಕೂತಿರಿ. ಕೈಯೆತ್ತೋಕೆ ಕಾಲ್ಯಾಕೆ?"